ಮುಖ ತಿರುಗಿಸಿ ಕೂತವನು

ಮಲಕವ್ವ ಎರಡನೇ ಸಲ ಬಿದ್ದದ್ದು ಸಂಕ್ರಾಂತಿಯಾದ ಮೂರನೇ ದಿನ, ಇಳಿಹೊತ್ತು ನಾಲ್ಕು ಗಂಟೆಗೆ, ಅಂಗಳದಲ್ಲಿ, ಬಾಳಾಸಾಬನ ಬೆನ್ನ ಹಿಂದೆ. ಈ ಬೆನ್ನ ಹಿಂದೆ ಎಂಬುದರಲ್ಲೇ ಎಲ್ಲ ತೊಡಕೂ ಇತ್ತು. ಮನೆಯ ಮುಂದಿನ ಕಟ್ಟೆಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಒಬ್ಬ ಹೆಂಗಸು ಬಿದ್ದು ತಲೆ ಒಡೆದುಕೊಂಡರೆ ಕಟ್ಟೆಯ ಮೇಲೆ ಕೂತವನು ನೋಡಿರಲೇಬೇಕು ಎಂದು ಯಾರಾದರೂ ಅಂದುಕೊಂಡಾರು. ಅವನು ನೋಡಿರಲಿಲ್ಲ. ಧಪ್ ಎಂಬ ಸದ್ದು, ಅದರ ಹಿಂದೆಯೇ ಹಾಲಿನ ಬಕೀಟು ಉರುಳಿದ ಸದ್ದು, ಅಷ್ಟೇ ಅವನ ಪಾಲಿಗೆ ಬಂದದ್ದು.

ಮಲಕವ್ವ ಅವನ ತಮ್ಮನ ಹೆಂಡತಿ. ಏಕಸಂಬಿಯ ಆಚೆ ಕಬ್ಬಿನ ನಡುವೆ ಇರುವ ಈ ತೋಟದ ಮನೆಗೆ ಸೊಸೆಯಾಗಿ ಬಂದು ಐವತ್ತೆರಡು ವರ್ಷವಾಗಿತ್ತು. ಬಂದ ದಿನ ಹತ್ತೊಂಬತ್ತರ ಹುಡುಗಿ, ಈಗ ಎಪ್ಪತ್ತೊಂದರ ಮುದುಕಿ. ಬಾಳಾಸಾಬನಿಗೆ ಎಪ್ಪತ್ತೊಂಬತ್ತು. ಅವನ ಹೆಂಡತಿ ಕಾಶಿಬಾಯಿ ಹೋಗಿ ಹದಿನೈದು ವರ್ಷ, ತಮ್ಮ ಆಬಾಸಾಹೇಬ ಹೋಗಿ ಹನ್ನೊಂದು ವರ್ಷ. ಹಳಬರಲ್ಲಿ ಉಳಿದವರು ಇವರಿಬ್ಬರೇ, ಮತ್ತು ಇವರಿಬ್ಬರೂ ಒಬ್ಬರೊಡನೊಬ್ಬರು ಇಂದಿನವರೆಗೆ ಒಂದು ಮಾತು ನೇರವಾಗಿ ಆಡಿರಲಿಲ್ಲ.

ಜಗಳವಲ್ಲ, ಮರ್ಯಾದೆ. ಗಂಡನ ಅಣ್ಣನ ಎದುರು ಹೆಣ್ಣು ಸೆರಗು ಮುಂದಕ್ಕೆಳೆದುಕೊಂಡು ನಡೆಯಬೇಕು, ಅವಳು ಬರುವಾಗ ಆ ಅಣ್ಣನಾದವನು ಮುಖ ತಿರುಗಿಸಿ ಕೂರಬೇಕು ಎಂಬುದು ಆ ಮನೆಯ ರೂಢಿ. ಕೊಟ್ಟಿಗೆಯ ಕಡೆಯಿಂದ ಬಕೀಟಿನ ಹಿಡಿಕೆಯ ಸದ್ದು ಬಂದರೆ ಸಾಕು, ಬಾಳಾಸಾಬನ ಕುತ್ತಿಗೆ ತಾನಾಗಿ ಕಬ್ಬಿನ ಕಡೆ ತಿರುಗುತ್ತಿತ್ತು. ಹೇಳಲೇಬೇಕಾದ ಮಾತಿದ್ದರೆ ಮನೆಯವರ ಮೂಲಕ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅವಳು ಎಮ್ಮೆಯನ್ನು ಹಿಡಿದುಕೊಳ್ಳುತ್ತಿದ್ದಳು. "ಕೇಳಬೇ, ಚಾ ಆರಾಕತ್ತೈತಿ, ಕುಡಿಯಾವ್ರು ಕುಡೀಬೇಕು" ಎಂದು ಎಮ್ಮೆಗೆ ಹೇಳುವಳು. ಇವನು ಅಂಗಳದ ಬೇವಿನ ಮರಕ್ಕೆ "ಸಕ್ರಿ ಕಮ್ಮಿ ಬಿದ್ದೈತಿ" ಎನ್ನುವನು. ಎಮ್ಮೆಯೂ ಬೇವಿನ ಮರವೂ ಇಷ್ಟು ವರ್ಷದಲ್ಲಿ ಎಷ್ಟು ಮಾತು ಕೇಳಿವೆಯೋ, ಪಾಪ.

ಮೊದಲನೇ ಸಲ ಅವಳು ಬಿದ್ದದ್ದು ದೀಪಾವಳಿಯಲ್ಲಿ. ಎಡಗೈ ಮಣಿಕಟ್ಟು ಮುರಿದಿತ್ತು. ಅಂಗಳದಲ್ಲಿದ್ದ, ಎಮ್ಮೆಗೆ ನೀರಿಡುವ ಕಲ್ಲಿನ ಬಾನಿಯೇ ಕಾಲಿಗೆ ತೊಡರಿತೆಂದು ಅವಳ ಮಗ ದುಂಡೇಶ ಆ ಬಾನಿಯನ್ನು ಕೀಳಿಸಿ ನೆಲ ಸಮ ಮಾಡಿಸಿದ. ಆರೋಗ್ಯ ಕೇಂದ್ರದ ನರ್ಸ್ ಸೀಮಾ ಮನೆಗೆ ಬಂದು ಮೂಲೆಮೂಲೆ ನೋಡಿ ಹೋದಳು. ಬಚ್ಚಲಿಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಬಂತು, ಕೊಟ್ಟಿಗೆಗೆ ಬಲ್ಬು ಬಂತು, ಕಣ್ಣಿನ ಪೊರೆ ತೆಗೆಸಿದ್ದಾಯಿತು, ಸವೆದ ಚಪ್ಪಲಿ ಹೋಗಿ ಹಿಮ್ಮಡಿಗೆ ಪಟ್ಟಿಯಿರುವ ಹೊಸ ಚಪ್ಪಲಿ ಬಂತು. ಇಷ್ಟೆಲ್ಲ ಆದ ಮೇಲೂ ಸಂಕ್ರಾಂತಿಗೆ ಅವಳು ಮತ್ತೆ ಬಿದ್ದಳು, ಅದೂ ಬಾನಿ ಇದ್ದ ಅದೇ ಜಾಗದಲ್ಲಿ. ತಲೆಗೆ ನಾಲ್ಕು ಹೊಲಿಗೆ.

ದುಂಡೇಶ ಹೆದರಿಬಿಟ್ಟ. ಹೆದರಿದ ಗಂಡಸು ಸಿಟ್ಟಿನಿಂದಲೇ ಮಾತಾಡುತ್ತಾನೆ.

"ಇನ್ನೊಂದ ಸಲ ಬಿದ್ಲಂದ್ರ ಮುಗೀತು. ಅವ್ವನ್ನ ನಿಪ್ಪಾಣಿಗೆ ಗಂಗಾನ ಮನಿಗೆ ಕಳಿಸಿಬಿಡತೇನಿ. ಅಲ್ಲಿ ಅಂಗಳಾನೂ ಇಲ್ಲ, ಎಮ್ಮೀನೂ ಇಲ್ಲ. ಈ ಎಮ್ಮಿ ಮಾರತೇನಿ. ಡಾಕ್ಟರ್ ಹೇಳ್ಯಾರ, ಮುಂದಿನ ಸಲ ಸೊಂಟದ ಎಲುಬ ಅಂತ."

ಗಂಗಾ ಅವನ ತಂಗಿ. ನಿಪ್ಪಾಣಿಯಲ್ಲಿ ಅವಳದು ಎರಡು ಕೋಣೆ, ಒಂದು ಕಿಟಕಿಯ ಮನೆ. ನೆಗಡಿ ಬಂತೆಂದು ಮೂಗು ಕೊಯ್ಯುವ ಈ ಮಾತು ಕೇಳಿದ ಮಲಕವ್ವ ತಲೆಗೆ ಪಟ್ಟಿ ಸುತ್ತಿಕೊಂಡೇ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ತಿಕ್ಕಿದಳು. ಕಟ್ಟೆಯ ಮೇಲಿದ್ದ ಬಾಳಾಸಾಬ ಮಾತ್ರ ಅಂದು ಊಟ ಅರ್ಧಕ್ಕೆ ಬಿಟ್ಟ. ಅವಳು ಹೋದರೆ ಈ ಮನೆಯಲ್ಲಿ ತನ್ನ ಕಾಲದ್ದು ಅನ್ನುವಂಥ ಒಂದು ಸದ್ದೂ ಉಳಿಯುವುದಿಲ್ಲ ಎಂದು ಹೊಳೆದು ಅವನಿಗೆ ನಿಜವಾಗಿ ಭಯವಾಯಿತು.

ಎರಡು ದಿನ ಬಿಟ್ಟು ಸೀಮಾ ಮತ್ತೆ ಬಂದಳು. ಪಡಸಾಲೆಯಲ್ಲಿ ಮಲಕವ್ವನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದಳು. ಕಿಟಕಿಯ ಆಚೆಯೇ ಕಟ್ಟೆ, ಆದ್ದರಿಂದ ಬಾಳಾಸಾಬನಿಗೆ ಎಲ್ಲವೂ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಅವನು ಕಿಟಕಿಯ ಕಡೆ ಇನ್ನಷ್ಟು ಸರಿಯುತ್ತಿದ್ದ, ಆ ಮಾತು ಬೇರೆ.

"ಆಯಿ, ನಾಲ್ಕ ಮಾತ ಕೇಳ್ತೇನಿ, ಖರೇ ಹೇಳ್ರಿ. ಎಲ್ಲಿ ಬಿದ್ರಿ? ಯಾವಾಗ ಬಿದ್ರಿ? ಕೈಯಾಗ ಏನಿತ್ತು? ಕಾಲಾಗ ಏನಿತ್ತು?"

"ತಲಿ ಗಿಮ್ ಅಂತು, ಬಿದ್ನಿ. ವಯಸ್ಸಾತಲ್ಲ ತಂಗಿ."

"ಬಿಪಿ ಸರಿ ಐತಿ, ಶುಗರ್ ಇಲ್ಲ, ಕಣ್ಣ ಈಗ ಚಲೋ ಕಾಣತೈತಿ. ವಯಸ್ಸ ಅಂದ್ರ ಜಡ್ಡಲ್ಲ ಆಯಿ. ಮತ್ತ ತಲಿ ತಿರುಗಿ ಬೀಳಾವ್ರು ಎಲ್ಲಿ ಬೇಕಾದಲ್ಲಿ ಬೀಳ್ತಾರ. ನೀವು ಎರಡೂ ಸಲ ಒಂದ ಜಾಗಾದಾಗ ಬಿದ್ದೀರಿ. ಅಲ್ಲಿ ಏನೋ ಐತಿ. ಅದನ್ನ ತಗೀಲಿಲ್ಲಂದ್ರ ಮೂರನೇ ಸಲಾನೂ ಬೀಳ್ತೀರಿ."

ಮಲಕವ್ವ ಚಾ ಇಡುತ್ತೇನೆಂದು ಎದ್ದಳು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಬಾಳಾಸಾಬನಿಗೆ ಆ ಕ್ಷಣಕ್ಕೇ ತಿಳಿಯಿತು. ಬಿದ್ದ ಮುದುಕರ ಸುಳ್ಳು ಅವನಿಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವನೂ ಒಂದು ಸುಳ್ಳನ್ನು ಇಟ್ಟುಕೊಂಡಿದ್ದ. ಹೋದ ಶ್ರಾವಣದಲ್ಲಿ ಕಟ್ಟೆಯ ಮೆಟ್ಟಿಲ ಕಲ್ಲು ಅಲ್ಲಾಡಿ ಅವನು ಅಂಗಳಕ್ಕೆ ಉರುಳಿದ್ದ. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಧೋತರ ಕೊಡವಿಕೊಂಡು ಮತ್ತೆ ಕಟ್ಟೆ ಏರಿ ಕೂತಿದ್ದ. ಮರುದಿನ ನೋಡಿದರೆ ಆ ಕಲ್ಲಿನ ಕೆಳಗೆ ಯಾರೋ ಚಕ್ಕೆ ಕೊಟ್ಟು, ಮಣ್ಣು ತುಂಬಿ ಗಟ್ಟಿ ಮಾಡಿದ್ದರು. ದುಂಡೇಶನ ಕೆಲಸವೆಂದುಕೊಂಡ. ಕೇಳಿದರೆ ತಾನು ಬಿದ್ದದ್ದನ್ನೂ ಹೇಳಬೇಕಾಗುತ್ತದೆ, ಹಾಗಾಗಿ ಕೇಳಲಿಲ್ಲ.

ಎಲ್ಲಿ, ಯಾವಾಗ, ಕೈಯಲ್ಲೇನು, ಕಾಲಲ್ಲೇನು. ಸೀಮಾಳ ಈ ನಾಲ್ಕು ಪ್ರಶ್ನೆಗಳು ಅವನಿಗೆ ಬಹಳ ಹಿಡಿಸಿದವು. ಹರೆಯದಲ್ಲಿ ಅಥಣಿ ಸಂತೆಗೆ ಎತ್ತು ಕೊಳ್ಳಲು ಹೋಗುವವರು ಬಾಳಾಸಾಬನನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವನು ಎತ್ತಿನ ಹಲ್ಲು ನೋಡುತ್ತಿರಲಿಲ್ಲ, ಹುಡಿಮಣ್ಣಿನಲ್ಲಿ ಅದನ್ನು ನಾಲ್ಕು ಮಾರು ನಡೆಸಿ ಹೆಜ್ಜೆ ಗುರುತು ನೋಡುತ್ತಿದ್ದ. ಯಾವ ಕಾಲಿನಲ್ಲಿ ನೋವಿದೆ, ಯಾವ ಗೊರಸು ಒಳಗೆ ಕೊಳೆತಿದೆ ಎಂದು ಮಣ್ಣು ನೋಡಿ ಹೇಳುತ್ತಿದ್ದ. ದಲಾಲರು ಅವನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ತಮ್ಮನ ಹೆಂಡತಿಯನ್ನು ನೋಡಬಾರದು ಸರಿ, ಅವಳ ಹೆಜ್ಜೆ ಗುರುತನ್ನೂ ನೋಡಬಾರದು ಎಂದು ಯಾವ ಹಿರಿಯರೂ ಹೇಳಿರಲಿಲ್ಲವಲ್ಲ.

ಕಬ್ಬಿನ ಕಟಾವು ನಡೆದಿತ್ತು. ದುಂಡೇಶನೂ ಅವನ ಹೆಂಡತಿ ರೂಪಾಲಿಯೂ ಮಧ್ಯಾಹ್ನದ ಮೇಲೆ ಹೊಲದಲ್ಲೇ ಇರುತ್ತಿದ್ದರು. ಹೋಗುವ ಮೊದಲು ರೂಪಾಲಿ ಅಂಗಳ ಗುಡಿಸಿ ನೀರು ಚಿಮುಕಿಸುತ್ತಿದ್ದಳು, ಮಣ್ಣು ಬರೆಯದ ಪಾಟಿಯಂತಾಗುತ್ತಿತ್ತು. ನಾಲ್ಕಕ್ಕೆ ಬಕೀಟು ಸದ್ದು ಮಾಡಿತು, ಬಾಳಾಸಾಬ ಮುಖ ತಿರುಗಿಸಿದ. ಅವಳು ದಾಟಿ ಅಡುಗೆ ಮನೆಗೆ ಹೋದ ಮೇಲೆ ಕೋಲು ಹಿಡಿದು ಇಳಿದ.

ಕೊಟ್ಟಿಗೆಯಿಂದ ಬಾನಿಯಿದ್ದ ಜಾಗದವರೆಗೆ ಚಪ್ಪಲಿಯ ಗುರುತು, ಸಣ್ಣ ಹೆಜ್ಜೆ, ಆದರೆ ನೇರ. ಅಲ್ಲಿ ಬಕೀಟಿನ ತಳದ ಒಂದು ದುಂಡು ಗುರುತು. ಅದರ ಪಕ್ಕದಲ್ಲಿ ಮಣ್ಣೆಲ್ಲ ಕಲಕಿತ್ತು, ಬಲಗಾಲಿನ ಹಿಮ್ಮಡಿ ಎರಡು ಬೆರಳು ಆಳ ಊರಿ ತಿರುಚಿಕೊಂಡಿತ್ತು. ಅಲ್ಲಿಂದ ಮುಂದೆ ಚಪ್ಪಲಿಯೇ ಇಲ್ಲ! ಬರಿಗಾಲು, ಅಡುಗೆ ಮನೆಯ ಬಾಗಿಲಿನ ತನಕ.

ಮರುದಿನವೂ ಹಾಗೆಯೇ ಇತ್ತು. ಬಾಳಾಸಾಬ ತಲೆ ಕೆರೆದುಕೊಂಡ. ಚಪ್ಪಲಿ ಕಚ್ಚುತ್ತದೆಯೇ? ಕಚ್ಚಿದರೆ ಕೊಟ್ಟಿಗೆಯಲ್ಲೇ ಬಿಡಬೇಕಿತ್ತು. ಸಂಜೆ ಹೊಲದಿಂದ ಬಂದ ರೂಪಾಲಿಯನ್ನು ಕರೆದ.

"ನಿಮ್ಮತ್ತಿ ಚಪ್ಲಿ ಎಲ್ಲಿ ಬಿಡ್ತಾಳ?"

"ಅಡಗಿ ಮನಿ ಬಾಗಲದಾಗ್ರಿ ಮಾಮಾ. ಯಾಕ್ರಿ?"

"ಸುಮ್ನ ಕೇಳಿದ್ನಿ."

ಕಾಲು ಬರಿಗಾಲು, ಚಪ್ಪಲಿ ಮಾತ್ರ ಬಾಗಿಲಲ್ಲಿ. ಚಪ್ಪಲಿಗೇನು ರೆಕ್ಕೆ ಇಲ್ಲ. ಅಂದರೆ ಅವಳು ಅಲ್ಲಿ ನಿಂತು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾಳೆ. ಯಾಕೆ? ಅದೇ ಜಾಗದಲ್ಲಿ ಏಕೆ? ಆ ರಾತ್ರಿ ಅವನಿಗೆ ಎಷ್ಟೋ ವರ್ಷದ ಮೇಲೆ ಸಂತೆಗೆ ಹೋಗುವ ಹಿಂದಿನ ದಿನದ ಹುರುಪು ಬಂದಿತ್ತು.

ಉತ್ತರ ಅವನು ಮನೆಯಲ್ಲಿಲ್ಲದ ದಿನ ಸಿಕ್ಕಿತು. ಶುಕ್ರವಾರ ದುಂಡೇಶ ಅವನನ್ನು ಹಲ್ಲು ತೋರಿಸಲು ಚಿಕ್ಕೋಡಿಗೆ ಕರೆದುಕೊಂಡು ಹೋಗಿದ್ದ. ಬರುವಾಗ ಐದು ಗಂಟೆ. ಗಾಡಿಯಿಂದ ಇಳಿದವನೇ ಅಂಗಳ ನೋಡಿದ. ಚಪ್ಪಲಿಯ ಗುರುತು ಕೊಟ್ಟಿಗೆಯಿಂದ ಹೊರಟು, ಬಾನಿಯಿದ್ದ ಜಾಗ ದಾಟಿ, ಖಾಲಿ ಕಟ್ಟೆಯ ಮುಂದೆ ಹಾಯ್ದು, ಎಲ್ಲೂ ನಿಲ್ಲದೆ ಸೀದಾ ಅಡುಗೆ ಮನೆಯ ಬಾಗಿಲಿಗೆ ಮುಟ್ಟಿತ್ತು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

ಬಾಳಾಸಾಬ ಅಲ್ಲೇ ಮೆಟ್ಟಿಲ ಮೇಲೆ ಕೂತ. ದೀಪದ ಕೆಳಗೇ ಕತ್ತಲೆ ಅಂದರೆ ಇದೇ. ಅವಳನ್ನು ಬೀಳಿಸುತ್ತಿದ್ದದ್ದು ಬಾನಿಯಲ್ಲ, ಕಣ್ಣಲ್ಲ, ವಯಸ್ಸೂ ಅಲ್ಲ. ಕಟ್ಟೆಯ ಮೇಲೆ ಕೂತ ತಾನು.

ಅವನಿಗೆ ತನ್ನ ತಾಯಿಯ ಕಾಲದ ಓಣಿ ನೆನಪಾಯಿತು. ಚಾವಡಿಯಲ್ಲಿ ಹಿರಿಯರು ಕೂತಿದ್ದರೆ ಹೆಂಗಸರು ದೂರದಲ್ಲೇ ನಿಂತು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ದಾಟುತ್ತಿದ್ದರು. ಆ ಪದ್ಧತಿ ಎಂದೋ ಸತ್ತುಹೋಯಿತೆಂದೇ ಅವನು ತಿಳಿದಿದ್ದ. ನಿಪ್ಪಾಣಿಯಿಂದ ಬಂದ ರೂಪಾಲಿ ಅವನ ಮುಂದೆಯೇ ಚಪ್ಪಲಿ ಮೆಟ್ಟಿಕೊಂಡು ಬಂದು ಸ್ಕೂಟಿ ಹತ್ತುತ್ತಾಳೆ, ಸೆರಗಿನ ಮಾತಂತೂ ಬಿಡಿ, ಅವನಿಗೆ ಎಂದೂ ಏನೂ ಅನ್ನಿಸಿರಲಿಲ್ಲ. ಆದರೆ ಮಲಕವ್ವ ಅದನ್ನು ಬಿಟ್ಟಿರಲಿಲ್ಲ. ಐವತ್ತೆರಡು ವರ್ಷ ದಿನಾ ತನ್ನ ಬೆನ್ನ ಹಿಂದೆ ನಡೆಯುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ನೋಡಬಾರದು ಎಂಬುದೂ ಅದೇ ಮರ್ಯಾದೆಯ ಇನ್ನೊಂದು ತುದಿಯಲ್ಲವೇ?

ಇದನ್ನು ಪರೀಕ್ಷೆ ಮಾಡದೆ ಬಿಡುವ ಜಾತಿಯವನಲ್ಲ ಬಾಳಾಸಾಬ. ಮರುದಿನ ಹನ್ನೊಂದು ಗಂಟೆಗೆ, ಎಲ್ಲರೂ ಹೊರಗಿದ್ದಾಗ, ಬೇವಿನ ಮರದ ಪಕ್ಕ ನಿಂತು ತಲೆಯ ಮೇಲೆ ಟವೆಲು ಹಾಕಿಕೊಂಡ. ಅದರ ಅಂಚನ್ನು ಒಂದು ಕೈಯಿಂದ ಕಣ್ಣಿನವರೆಗೆ ಎಳೆದುಕೊಂಡ. ಪಕ್ಕದ್ದು ಏನೂ ಕಾಣಲಿಲ್ಲ. ಹಿಮ್ಮಡಿಯ ಪಟ್ಟಿ ಬಿಚ್ಚುವವನಂತೆ ಒಂದು ಕಾಲೆತ್ತಿ ಬಗ್ಗಿದ. ಭೂಮಿಯೇ ವಾಲಿತು. ಬೇವಿನ ಮರ ಹತ್ತಿರ ಇತ್ತು ಅಂತ ಬದುಕಿದ.

"ಅಗ ಬಾಯಿ! ಮಾಮಾ, ಏನ ಮಾಡಾಕತ್ತೀರಿ?" ಹೊಲದವರಿಗೆ ಚಾ ಒಯ್ಯಲು ಬಂದ ರೂಪಾಲಿ ಬಾಗಿಲಲ್ಲೇ ಕೂಗಿದಳು.

ಟವೆಲು ಇಳಿಸಿ ಅವನು ಎಲ್ಲ ಹೇಳಿದ. ಹಳೆಯ ಚಪ್ಪಲಿಯಾದರೆ ಕಾಲು ಝಾಡಿಸಿದರೆ ಕಳಚುತ್ತಿತ್ತು, ಅಷ್ಟಕ್ಕೇ ಒಮ್ಮೆ ಬಿದ್ದಿದ್ದಳು. ಬೀಳದಿರಲಿ ಎಂದು ತಂದ ಈ ಪಟ್ಟಿಯ ಚಪ್ಪಲಿಗೆ ಒಂಟಿಗಾಲಲ್ಲಿ ನಿಂತು ಬಗ್ಗಬೇಕು. ರೂಪಾಲಿ ಬಾಯಿಗೆ ಕೈ ಇಟ್ಟುಕೊಂಡಳು. "ಸೀಮಾಬಾಯಿ ಕೇಳಿದಾಗ ಯಾಕ ಹೇಳಲಿಲ್ಲರಿ ಅತ್ತಿ?"

"ಹೇಳಿದ್ರ ನನ್ನ ಕಡೆ ಬೆರಳ ಮಾಡಿ ತೋರಿಸಿದಂಗ ಆಗತೈತಲ್ಲ. ನಿಪ್ಪಾಣಿಗಾದ್ರೂ ಹೋದಾಳು, ಹಿರ್ಯಾರ ಹೆಸರ ಹೇಳಾಕಿಲ್ಲ ಆಕಿ." ಅವನು ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡ. "ನೀ ಹೇಳು. ಚಪ್ಲಿ ಕಳಿಬ್ಯಾಡ ಅಂತ ನಾ ಅಂದೇನಿ ಅಂತ ಹೇಳು."

ರೂಪಾಲಿ ಹೇಳಿದಳು. ಉತ್ತರವನ್ನೂ ತಂದಳು. ಹಿರಿಯರಾದವರು ಹಾಗೆ ಅನ್ನುವುದು ಅವರ ದೊಡ್ಡತನ, ಹಾಗೆಂದು ತಾನು ಬಿಟ್ಟರೆ ಅದು ತನ್ನ ಸಣ್ಣತನ ಎಂದಳಂತೆ ಮಲಕವ್ವ. ನಾಲ್ಕು ಗಂಟೆಗೆ ಅಂಗಳದಲ್ಲಿ ಮತ್ತೆ ಬರಿಗಾಲು.

ಕಟ್ಟೆ ಖಾಲಿಯಿದ್ದರೆ ಸರಿಹೋಗುತ್ತದಲ್ಲ ಎಂದು ಮರುದಿನ ಅವನು ಹಾಸಿಗೆ, ತಂಬಾಕಿನ ಚೀಲ ಎಲ್ಲ ಎತ್ತಿಕೊಂಡು ಹಿತ್ತಲಿಗೆ ಹೋದ. ಕೊಟ್ಟಿಗೆಯ ಗೋಡೆಯ ಆಚೆ ಅವಳು ಎಮ್ಮೆಯ ಜೊತೆ ಮಾತಾಡುವುದು ಕೇಳಿಸಿತು. "ನೋಡಿದೇನಬೇ, ಕಟ್ಟಿ ಬಿಟ್ಟ ಎದ್ದ ಹೋಗ್ಯಾರ. ನಾ ಏನ ತಪ್ಪ ಮಾಡಿದ್ನಿ? ಹೇಳಿ ಕಳಿಸಿದ್ದ ಮಾತ ಕೇಳಲಿಲ್ಲಂತ ಸಿಟ್ಟ ಬಂದಿರಬೇಕು. ಈ ಚಪ್ಲಿನ ಬ್ಯಾಡ." ಅಂದು ಅವಳು ಕೊಟ್ಟಿಗೆಯ ಹಸಿ ಸೆಗಣಿಯ ಮೇಲೂ ಬರಿಗಾಲಲ್ಲೇ ನಡೆದಳು. ಹಿಂದೆ ಹೋದರೆ ಹಳ್ಳ, ಮುಂದೆ ಹೋದರೆ ಕೆರೆ. ಬಾಳಾಸಾಬ ಹಾಸಿಗೆ ಸುತ್ತಿಕೊಂಡು ಕಟ್ಟೆಗೆ ಮರಳಿದ.

ಮಾರನೆಯ ದಿನ ರೂಪಾಲಿ ಅತ್ತೆಗೆ ಆಣೆ ಹಾಕಿ ಮತ್ತೆ ಚಪ್ಪಲಿ ಮೆಟ್ಟಿಸಿ ಹೊಲಕ್ಕೆ ಹೋದಳು. ನಾಲ್ಕು ಗಂಟೆ. ಬಕೀಟಿನ ಹಿಡಿಕೆ ಕಿಣಿಕ್ ಎಂದಿತು. ಬಾಳಾಸಾಬನ ಕುತ್ತಿಗೆ ಕಬ್ಬಿನ ಕಡೆ ಹೊರಟಿತು. ಅವನು ಅದನ್ನು ತಡೆದು ಹಿಡಿದ. ಐವತ್ತೆರಡು ವರ್ಷ ಒಂದೇ ಕಡೆ ತಿರುಗಿದ ಕುತ್ತಿಗೆ, ಮಾತು ಕೇಳಲು ಸ್ವಲ್ಪ ಹೊತ್ತು ಹಿಡಿಯಿತು.

ನೋಡಿದ. ಇಷ್ಟು ಸಣ್ಣವಳೇ? ಅವನ ಮನಸ್ಸಿನಲ್ಲಿದ್ದವಳು ಹಸಿರು ಸೀರೆಯ, ಎರಡು ಕೊಡ ಒಟ್ಟಿಗೆ ಹೊರುವ ಹೆಣ್ಣುಮಗಳು. ಅಂಗಳದಲ್ಲಿ ಬರುತ್ತಿದ್ದವಳು ಬಕೀಟಿನ ಭಾರಕ್ಕೆ ಒಂದು ಕಡೆ ವಾಲಿದ, ಹಣೆಯ ಮೇಲೆ ಹೊಲಿಗೆಯ ಗೆರೆಯಿದ್ದ ಒಬ್ಬ ಮುದುಕಿ. ಸೆರಗಿನ ಮರೆಯಲ್ಲಿ ಅವಳಿಗೆ ಇವನು ನೋಡುತ್ತಿರುವುದು ಕಾಣಲಿಲ್ಲ. ಬಾನಿಯಿದ್ದ ಜಾಗದಲ್ಲಿ ನಿಂತಳು. ಬಕೀಟು ಇಳಿಸಿದಳು. ಬಲಗೈಯಿಂದ ಸೆರಗು ಹಿಡಿದು, ಮುರಿದು ಕೂಡಿದ ಎಡಗೈಯನ್ನು ಹಿಮ್ಮಡಿಯ ಪಟ್ಟಿಗೆ ಚಾಚಿ, ಎಡಗಾಲು ಎತ್ತಿದಳು. ಬಲಗಾಲು ನಡುಗಿತು.

"ಮಲಕವ್ವಾ!"

ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಅವಳ ಕಾಲು ತಟ್ಟನೆ ನೆಲಕ್ಕೆ ಬಂತು. ಎದ್ದು ಹಾರಿದ್ದು ಬೇವಿನ ಮರದ ಕಾಗೆ ಒಂದೇ.

"ಚಪ್ಲಿ ಕಳಿಬ್ಯಾಡ. ಮೆಟ್ಟಕೊಂಡ ಬಾ."

ಅವಳು ಕೊಟ್ಟಿಗೆಯ ಕಡೆ ತಿರುಗಿದಳು. "ಕೇಳಿದೇನಬೇ, ಹಿರ್ಯಾರ ಮುಂದ ಹೆಂಗ..."

"ಎಮ್ಮಿಗೆ ಹೇಳಬ್ಯಾಡ, ನನಗ ಹೇಳು. ನಾ ಇಲ್ಲೇ ಅದೇನಿ, ನೋಡಾಕತ್ತೇನಿ. ನೀ ನನಗ ಐವತ್ತೆರಡ ವರ್ಷ ಮರ್ಯಾದಿ ಕೊಟ್ಟಿ, ಹೊಟ್ಟಿ ತುಂಬೇತಿ. ಅದ ಮರ್ಯಾದಿನ ನಿನ್ನ ಎರಡ ಸಲ ಕೆಡವೇತಿ. ಸೆರಗ ತಲಿ ಮ್ಯಾಲ ಇರ್ಲಿ, ಕೈ ಮಾತ್ರ ಗ್ವಾಡಿ ಮ್ಯಾಲ ಇರ್ಲಿ." ಅವನು ಕೋಲು ಪಕ್ಕಕ್ಕಿಟ್ಟ. "ನೀ ನಿಪ್ಪಾಣಿಗೆ ಹೋದ್ರ ನಾ ಯಾರ ಸಂಬಂಧ ಮುಖ ತಿರುಗಿಸಿ ಕೂಡ್ಲಿ?"

ಅವಳು ಕೊಟ್ಟಿಗೆಯಿಂದ ಮುಖ ತಿರುಗಿಸಿದಳು. ಆಮೇಲೆ ಬಕೀಟು ಎತ್ತಿಕೊಂಡಳು. ಸೆರಗು ಬಿಟ್ಟ ಕೈಯನ್ನು ಅಂಗಳದ ಗೋಡೆಗೆ ಊರಿ, ಚಪ್ಪಲಿ ಮೆಟ್ಟಿದ ಕಾಲಿನಲ್ಲಿ, ಕಟ್ಟೆಯ ಮುಂದೆ ಹಾಯ್ದಳು. ಹನ್ನೆರಡು ಹೆಜ್ಜೆ. ಬಾಳಾಸಾಬ ಒಂದೊಂದನ್ನೂ ಎಣಿಸಿದ. ಬಾಗಿಲಲ್ಲಿ ಬಕೀಟು ಇಟ್ಟು, ಚೌಕಟ್ಟು ಹಿಡಿದು ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿದಳು. ಎದ್ದು ಒಳಗೆ ಹೋಗುವವಳು ನಿಂತು ಅವನ ಕಡೆ ತಿರುಗಿದಳು.

"ನೀವೂ ಇಳೀಮುಂದ ಗ್ವಾಡಿ ಹಿಡೀರಿ. ಎರಡನೇ ಕಲ್ಲ ಮತ್ತ ಅಲಗಾಡಾಕತ್ತೈತಿ. ಶ್ರಾವಣದಾಗ ನಾ ಇಟ್ಟಿದ್ದ ಚಕ್ಕಿ ಜಾರೇತಿ. ಈ ಕೈಲೆ ನನಗ ಮತ್ತ ಆಗಾಂಗಿಲ್ಲ, ದುಂಡೇಶಗ ಹೇಳಿ ಸಿಮೆಂಟ ಹಾಕಸ್ರಿ."

ಹೇಳಿ ಒಳಗೆ ಹೋದಳು. ಅವನು ಬಿದ್ದದ್ದನ್ನು ಅವಳು ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ, ಮತ್ತೆ ಬೀಳದಂತೆ ಮಾಡಿ ಸುಮ್ಮನಿದ್ದಳು. ಕೋಲಿನ ತುದಿಯಿಂದ ಎರಡನೇ ಕಲ್ಲನ್ನು ಒತ್ತಿ ನೋಡಿದ. ಅದು ಅಲ್ಲಾಡಿತು. ಹೊಲದಿಂದ ದುಂಡೇಶ ಬರುವವರೆಗೆ ಅವನು ಕಟ್ಟೆ ಇಳಿಯಲಿಲ್ಲ.

ಆರು ಗಂಟೆಗೆ ದುಂಡೇಶ ಬಂದು ಕಾಲು ತೊಳೆಯುತ್ತಿದ್ದಾಗ ಬಾಳಾಸಾಬ ಗಂಟಲು ಸರಿಮಾಡಿಕೊಂಡ.

"ದುಂಡೇಶಾ, ಈ ಮನ್ಯಾಗ ಬಿದ್ದವರು ಒಬ್ಬರಲ್ಲ, ಇಬ್ಬರು. ಶ್ರಾವಣದಾಗ ನಾನೂ ಬಿದ್ದಿದ್ನಿ. ನಿಪ್ಪಾಣಿಗೆ ಕಳಸೂದಿದ್ರ ಇಬ್ಬರಿಗೂ ಟಿಕೀಟ ತಗಿ. ಇಲ್ಲಂದ್ರ ನಾಳೆ ಒಂದ ಚೀಲ ಸಿಮೆಂಟ ತಾ."

ಅಡುಗೆ ಮನೆಯೊಳಗಿಂದ ಮಲಕವ್ವ ಚಾ ಆಯಿತೆಂದು ಕೂಗಿದಳು. ಆ ಸಲ ಎಮ್ಮೆಯ ಹೆಸರು ಬರಲಿಲ್ಲ.